ಗಾಳದವರ ಲೆಕ್ಕದ ಪುಸ್ತಕ: ಲೋಣಾವಳದಿಂದ ಕಾವೇರಿಗೆ ಹೋದ ಮೀನಿನ ಕಥೆ

ಪುಣೆ: ಗಾಳ ಹಾಕುವ ಹವ್ಯಾಸಿಗಳು ಇಬ್ಬರು ಒಂದೆಡೆ ಸೇರಿದರೆ ಮೊದಲ ಮಾತು ಹಿಡಿದ ಮೀನಿನದ್ದಲ್ಲ, ತಪ್ಪಿಸಿಕೊಂಡ ಮೀನಿನದ್ದು. ಅದರ ತೂಕ ಪ್ರತಿ ಸಲ ಹೇಳುವಾಗಲೂ ಒಂದೆರಡು ಕಿಲೋ ಏರುತ್ತದೆ ಎಂಬ ತಮಾಷೆಯೂ ಹಳೆಯದೇ. ಆದರೆ ಕಾವೇರಿ ತೀರದ ಒಂದು ಶಿಬಿರದಲ್ಲಿ ಸುಮಾರು ಹದಿನೈದು ವರ್ಷಗಳ ಕಾಲ ಗಾಳದವರ ಮಾತನ್ನು ಬಾಯಿಮಾತಿಗೆ ಬಿಡದೆ ಪುಸ್ತಕದಲ್ಲಿ ಬರೆದಿಡಲಾಯಿತು. ಆ ಪುಸ್ತಕಗಳನ್ನು ತೆರೆದು ಕೂಡಿ ಕಳೆದು ನೋಡಿದಾಗ, ಕೈತಪ್ಪಿ ಹೋಗುತ್ತಿರುವುದು ಒಂದು ಮೀನಲ್ಲ, ಒಂದು ಮೀನಿನ ಕುಲವೇ ಎಂಬುದು ಗೊತ್ತಾಯಿತು. ಅದರ ಜಾಗಕ್ಕೆ ಬಂದ ಮೀನು ಹೊರಟದ್ದು ಇದೇ ಪುಣೆ ಜಿಲ್ಲೆಯ ಲೋಣಾವಳದಿಂದ ಎಂಬುದು ಇಲ್ಲಿಯ ಕನ್ನಡಿಗರು ತಿಳಿಯಬೇಕಾದ ಸಂಗತಿ.

ಮುಳಾ-ಮುಠೆಯ ಖುದ್ರಿ

ಅಮೆರಿಕದ ಗಾಳಪ್ರಿಯರಿಗೆ ಬಾಸ್ ಮೀನು ಹೇಗೋ ಭಾರತದವರಿಗೆ ಮಹಶೀರ್ ಹಾಗೆ. ಕಾಟ್ಲಾ, ರೋಹು ಮೀನುಗಳ ಬಳಗಕ್ಕೇ ಸೇರಿದ ಇದು ಅಗಲವಾದ ಹುರುಪೆ, ದಪ್ಪ ತುಟಿಗಳ ಮೀನು. ಬಾಯಲ್ಲಿ ಹಲ್ಲಿಲ್ಲ, ಗಂಟಲಲ್ಲಿದೆ. ಏಡಿ, ಶಂಖದ ಹುಳುಗಳನ್ನು ಅಲ್ಲಿಯೇ ಅರೆದು ನುಂಗುತ್ತದೆ. ಸೆಳೆತದ ನೀರಿನಲ್ಲಿ ಬೆಳೆದದ್ದರಿಂದ ಗಾಳ ಕಚ್ಚಿದ ಕೂಡಲೇ ಅದು ಓಡುವ ರಭಸವೇ ಬೇರೆ. ಆ ಮೊದಲ ಓಟವನ್ನು ತಡೆಯಲು ಹೋದವನ ದಾರ ತುಂಡಾಗುವುದು ಖಂಡಿತ ಎಂದು ಅನುಭವಿಗಳು ಹೇಳುತ್ತಾರೆ.

ದಖ್ಖನಿನ ಮಹಶೀರ್ ಮೀನನ್ನು ಮೊತ್ತಮೊದಲು ಶಾಸ್ತ್ರಲೋಕಕ್ಕೆ ಪರಿಚಯಿಸಿದವರು ಬ್ರಿಟಿಷ್ ಸೇನಾಧಿಕಾರಿ ವಿಲಿಯಂ ಹೆನ್ರಿ ಸೈಕ್ಸ್. ಪುಣೆಯ ಪೂರ್ವಕ್ಕೆ ಹರಿಯುವ ಮುಳಾ-ಮುಠಾ ನದಿಯ ಮೀನನ್ನು ಅವರು 1839ರಲ್ಲಿ ವರ್ಣಿಸಿ, ಸ್ಥಳೀಯರು ಕರೆಯುತ್ತಿದ್ದ 'ಖುದ್ರಿ' ಎಂಬ ಹೆಸರನ್ನೇ ಅದಕ್ಕೆ ಇಟ್ಟರು. ಇಂದಿಗೂ ಶಾಸ್ತ್ರದಲ್ಲಿ ಅದು 'ಟಾರ್ ಖುದ್ರಿ'. ಮುಳಾ-ಮುಠೆಯ ನೀರು ಭೀಮೆಯನ್ನು ಸೇರಿ, ಕಲಬುರಗಿ ಸೀಮೆಯನ್ನು ಹಾದು, ರಾಯಚೂರಿನ ಬಳಿ ಕೃಷ್ಣೆಗೆ ಕೂಡುತ್ತದೆ. ಖುದ್ರಿ ಈ ನೀರಿನ ಮೀನು.

ಕಾವೇರಿಯ ಮಹಶೀರ್ ಬೇರೆಯೇ. ಬಂಗಾರದ ಮೈಬಣ್ಣ, ಕಿತ್ತಳೆ ಬಣ್ಣದ ಈಜುರೆಕ್ಕೆ, ತಲೆಯ ಹಿಂದೆ ಏರಿದ ಗೂನುಬೆನ್ನು. ಗಾತ್ರದಲ್ಲಿ ಇದಕ್ಕೆ ಸಾಟಿಯಾದ ಮಹಶೀರ್ ಬೇರೊಂದಿಲ್ಲ. 1919ರ ಡಿಸೆಂಬರ್‌ನಲ್ಲಿ ಮೇಜರ್ ರಿವೆಟ್-ಕಾರ್ನಾಕ್ ಕಾವೇರಿಯಲ್ಲಿ ಹಿಡಿದದ್ದು 119 ಪೌಂಡ್ ತೂಗಿತು. 1946ರ ಮಾರ್ಚ್‌ನಲ್ಲಿ ಮೈಸೂರಿನ ಪ್ರಸಿದ್ಧ ವ್ಯಾನ್ ಇಂಗನ್ ಕುಟುಂಬದ ಡಿ ವೆಟ್ ವ್ಯಾನ್ ಇಂಗನ್ ಕಬಿನಿಯಲ್ಲಿ ಹಿಡಿದದ್ದು 120 ಪೌಂಡ್, ಅಂದರೆ ಸುಮಾರು 54 ಕಿಲೋ. ಆ ದಾಖಲೆಯ ಮಾತು ಗಾಳದವರ ನಡುವೆ ಇಂದಿಗೂ ಬರುತ್ತದೆ. ಮಂಗಳೂರಿನಲ್ಲಿ ದಕ್ಷಿಣ ಕನ್ನಡದ ಕಲೆಕ್ಟರ್ ಆಗಿದ್ದ ಹೆನ್ರಿ ಸಲಿವನ್ ಥಾಮಸ್ 1873ರಲ್ಲೇ ಭಾರತದ ಗಾಳಗಾರಿಕೆಯ ಕುರಿತು ದೊಡ್ಡ ಪುಸ್ತಕ ಬರೆದಿದ್ದರು ಎಂಬುದು ಕರಾವಳಿಯ ಬಂಧುಗಳಿಗೆ ಕುತೂಹಲದ ವಿಷಯವಾದೀತು.

ರಾಗಿ ಉಂಡೆ, ತೆಪ್ಪ ಮತ್ತು ತಾಳ್ಮೆ

ಸ್ವಾತಂತ್ರ್ಯಾನಂತರ ಈ ದೊಡ್ಡ ಮೀನಿನ ಸುದ್ದಿ ಹೊರಜಗತ್ತಿಗೆ ಕೇಳದಾಗಿತ್ತು. 1977-78ರಲ್ಲಿ ಇಂಗ್ಲೆಂಡಿನ ಮೂವರು ಯುವಕರ ತಂಡ ದೇಶ ಸುತ್ತಿ ಕಾವೇರಿಗೆ ಬಂದು ದೊಡ್ಡ ಮೀನುಗಳನ್ನು ಹಿಡಿದ ಮೇಲೆ ಗಾಳಪ್ರಿಯರ ಕಣ್ಣು ಮತ್ತೆ ಇತ್ತ ಹೊರಳಿತು. ದಕ್ಷಿಣ ಭಾರತ ವನ್ಯಜೀವಿ ಸಂಘ 1972ರಲ್ಲೇ ಸ್ಥಾಪನೆಯಾಗಿ ನದಿಯ ಒಂದು ಭಾಗವನ್ನು ಕಾಯತೊಡಗಿತ್ತು. ಬಳಿಕ ರಾಜ್ಯ ಸರಕಾರದ ಜಂಗಲ್ ಲಾಡ್ಜಸ್ ಸಂಸ್ಥೆ ಭೀಮೇಶ್ವರಿ, ಗಾಲಿಬೋರೆ, ದೊಡ್ಡಮಾಕಳಿಗಳಲ್ಲಿ ಶಿಬಿರಗಳನ್ನು ನಡೆಸಿತು. ಹಿಡಿದ ಮೀನನ್ನು ತೂಗಿ ಮರಳಿ ನೀರಿಗೆ ಬಿಡುವುದು ಅಲ್ಲಿಯ ಕಟ್ಟುನಿಟ್ಟಿನ ನಿಯಮ.

ದೇಶವಿದೇಶಗಳಿಂದ ದುಬಾರಿ ಗಾಳ ಹೊತ್ತು ಬಂದವರಿಗೆ ಪಾಠ ಹೇಳಿದವರು ನದಿ ದಂಡೆಯ ಹಳ್ಳಿಗರು. ಹಿಂದೆ ಕದ್ದು ಮೀನು ಹಿಡಿಯುತ್ತಿದ್ದ ಕೆಲವರೇ ಶಿಬಿರದ ಮಾರ್ಗದರ್ಶಕರೂ ಕಾವಲುಗಾರರೂ ಆದದ್ದು ಇಲ್ಲಿ ಉಲ್ಲೇಖನೀಯ. ಅವರು ಗಾಳಕ್ಕೆ ಕಟ್ಟಿಸಿದ ಎರೆ ಮತ್ತೇನಲ್ಲ, ರಾಗಿ. ರಾಗಿ ಹಿಟ್ಟನ್ನು ಗಟ್ಟಿಯಾಗಿ ನಾದಿ, ಬೇಯಿಸಿ, ಮತ್ತೆ ನಾದಿ, ನಿಂಬೆಹಣ್ಣಿನ ಗಾತ್ರದ ಉಂಡೆ ಕಟ್ಟಿ ಕೊಕ್ಕೆಗೆ ಹಾಕುವುದು. ಬೆಂದದ್ದು ಕಡಿಮೆಯಾದರೆ ಸೆಳೆತಕ್ಕೆ ಕರಗುತ್ತದೆ, ಸಣ್ಣ ಮೀನುಗಳು ಕಚ್ಚಿ ಮುಗಿಸುತ್ತವೆ. ಹದ ಬಂದ ಉಂಡೆ ಬಹಳ ಹೊತ್ತು ನಿಲ್ಲುತ್ತದೆ.

ಅನುಭವಿಗಳು ಹೊಸಬರಿಗೆ ಕೊಡುವ ಇತರ ಸಲಹೆಗಳೂ ಸರಳ. ನೀರಿನೊಳಗಿನ ಬಂಡೆಗಳ ಜಾಗ ತಿಳಿದವನನ್ನು ಜತೆಗೆ ಕರೆದೊಯ್ಯಬೇಕು. ಮೀನು ಓಡುವಾಗ ದಾರ ಬಿಡಬೇಕು, ನಿಂತಾಗ ಸುತ್ತಬೇಕು. ಬಂಡೆಯ ಸಂದಿಗೆ ಹೋಗಿ ಕುಳಿತರೆ ಎಳೆದಾಡದೆ ತೆಪ್ಪದಲ್ಲಿ ಆಚೆ ಬದಿಗೆ ಹೋಗಿ ಬಿಡಿಸಿಕೊಳ್ಳಬೇಕು. ಕೊಕ್ಕೆಯ ಮುಳ್ಳನ್ನು ಇಕ್ಕಳದಿಂದ ಅದುಮಿ ಸಪಾಟು ಮಾಡಿದರೆ ಬಿಡಿಸುವಾಗ ಬಾಯಿ ಹರಿಯುವುದಿಲ್ಲ. ಮೀನನ್ನು ಮುಟ್ಟುವ ಮುನ್ನ ಕೈ ಒದ್ದೆ ಮಾಡಿಕೊಳ್ಳಬೇಕು. ಒಣಕೈ ಅದರ ಮೈಯ ಲೋಳೆಯನ್ನು ಕೀಳುತ್ತದೆ. ಕಿವಿರಿಗೆ ಬೆರಳು ಹಾಕಿ ಎತ್ತಲೇಬಾರದು. ಫೋಟೋ ಬೇಕಾದರೆ ನೀರಿನಲ್ಲೇ ಹಿಡಿದು ತೆಗೆಯಬೇಕು. ಬಿಡುವಾಗ ಹರಿವಿಗೆ ಮುಖ ಮಾಡಿ ನೆಟ್ಟಗೆ ಹಿಡಿದು, ಅದು ತಾನಾಗಿ ಬಾಲ ಬೀಸಿ ಹೋಗುವವರೆಗೆ ಕಾಯಬೇಕು.

ಲೋಣಾವಳದ ಮರಿಗಳು

ಇತ್ತ ಸಹ್ಯಾದ್ರಿಯಲ್ಲಿಯೂ ಅಣೆಕಟ್ಟು, ಸಿಡಿಮದ್ದು, ಸಂತಾನಕಾಲದ ಬೇಟೆಗಳಿಂದ ಮಹಶೀರ್ ವಿರಳವಾಗುತ್ತಿತ್ತು. ಅದನ್ನು ಉಳಿಸಲು 1970ರ ದಶಕದ ಆರಂಭದಲ್ಲಿ ಟಾಟಾ ವಿದ್ಯುತ್ ಸಂಸ್ಥೆ ಲೋಣಾವಳದ ವಳವಣದಲ್ಲಿ ಮೀನುಮರಿ ಕೇಂದ್ರ ನಡೆಸತೊಡಗಿತು. ಮೀನು ವಿಜ್ಞಾನಿಗಳಾದ ಡಾ. ಸಿ.ವಿ. ಕುಲಕರ್ಣಿ ಮತ್ತು ಎಸ್.ಎನ್. ಓಗಲೆ ಅವರ ಶ್ರಮದಿಂದ, ತಾಯಿಮೀನಿನ ತತ್ತಿಯನ್ನು ಕೈಯಿಂದ ಮೆಲ್ಲನೆ ಹಿಂಡಿ ತೆಗೆದು, ಗಂಡಿನ ಹಾಲು ಬೆರೆಸಿ ಮರಿ ಮಾಡುವ ವಿಧಾನ ಯಶಸ್ವಿಯಾಯಿತು. ಲಕ್ಷಗಟ್ಟಲೆ ಖುದ್ರಿ ಮರಿಗಳು ಇಲ್ಲಿಂದ ಅನೇಕ ರಾಜ್ಯಗಳಿಗೆ ಹೋದವು. ಕರ್ನಾಟಕಕ್ಕೂ ಹೋದವು. 1970ರ ದಶಕದ ಕೊನೆಯಿಂದ ಮುಂದಕ್ಕೆ ಕಾವೇರಿಗೂ ಬಿಡಲಾಯಿತು. ಕೊಡಗಿನ ಹಾರಂಗಿಯಲ್ಲಿಯೂ ಮಹಶೀರ್ ಮರಿ ಕೇಂದ್ರ ತಲೆ ಎತ್ತಿತು.

ಕೊಟ್ಟವರ ಮನಸ್ಸು ಒಳ್ಳೆಯದು, ಪಡೆದವರದ್ದೂ ಒಳ್ಳೆಯದು. ಮಹಶೀರ್ ಎಂದರೆ ಎಲ್ಲ ಒಂದೇ, ಕಡಿಮೆಯಾದಲ್ಲಿ ತುಂಬಿದರೆ ಆಯಿತು ಎಂಬುದು ಆ ಕಾಲದ ತಿಳಿವಳಿಕೆ. ಕಾವೇರಿಯ ಗೂನುಬೆನ್ನಿನ ಮೀನಿಗೆ ಆಗ ಖಚಿತವಾದ ಶಾಸ್ತ್ರೀಯ ಹೆಸರೇ ಇರಲಿಲ್ಲ. ಹೆಸರಿಲ್ಲದವನ ಖಾತೆಯನ್ನು ಬೇರೆಯಾಗಿ ಇಡುವವರು ಯಾರು?

ಮೊತ್ತ ಏರಿತು, ಖಾತೆ ಬರಿದಾಯಿತು

ಗಾಲಿಬೋರೆ ಶಿಬಿರದಲ್ಲಿ 1998ರಿಂದ 2012ರವರೆಗೆ ಯಾರು ಎಷ್ಟು ಗಂಟೆ ಗಾಳ ಹಾಕಿದರು, ಎಷ್ಟು ಮೀನು ಸಿಕ್ಕಿತು, ಎಷ್ಟು ತೂಗಿತು ಎಂಬುದನ್ನು ದಾಖಲಿಸಲಾಗಿತ್ತು. ಇಂಗ್ಲೆಂಡಿನ ಸಂಶೋಧಕ ಏಡ್ರಿಯನ್ ಪಿಂಡರ್, ಕೇರಳದ ರಾಜೀವ್ ರಾಘವನ್ ಮತ್ತು ಸಂಗಡಿಗರು ಆ ಲೆಕ್ಕವನ್ನು ಪರಿಶೀಲಿಸಿ 2015ರಲ್ಲಿ ಪ್ರಕಟಿಸಿದರು. ಒಟ್ಟು ಸುಮಾರು 23,600 ಗಂಟೆಗಳ ಗಾಳ, 6,100ಕ್ಕೂ ಮಿಕ್ಕಿದ ಮೀನುಗಳು.

ಮೇಲ್ನೋಟಕ್ಕೆ ಲೆಕ್ಕ ಸಂತೋಷ ಕೊಡುವಂಥದ್ದು. ಗಂಟೆಗೆ ಸಿಗುವ ಮೀನಿನ ಸಂಖ್ಯೆ ವರ್ಷದಿಂದ ವರ್ಷಕ್ಕೆ ಏರಿತ್ತು. ಹಿಡಿದು ಬಿಡುವ ನಿಯಮ, ಕಾವಲು ಎರಡೂ ಫಲ ಕೊಟ್ಟಿದ್ದವು. ಆದರೆ ಒಂದೊಂದು ಮೀನಿನ ಸರಾಸರಿ ತೂಕ ಇಳಿಯುತ್ತಾ ಬಂದಿತ್ತು. ಎರಡು ಬಗೆಯ ಮೀನುಗಳನ್ನು ಬೇರೆಬೇರೆ ಖಾತೆಗೆ ಹಾಕಿ ನೋಡಿದಾಗ ನಿಜ ಬಯಲಾಯಿತು. ಏರುತ್ತಿದ್ದದ್ದೆಲ್ಲ ನೀಲಿ ರೆಕ್ಕೆಯ ಖುದ್ರಿ. ಕಿತ್ತಳೆ ರೆಕ್ಕೆಯ ಗೂನುಬೆನ್ನಿನದ್ದು ಕಡಿಮೆಯಾಗುತ್ತಾ ಬಂದು, ಕೊನೆಯ ವರ್ಷಗಳಲ್ಲಿ ಅಪರೂಪಕ್ಕೆ ಒಂದು ಸಿಕ್ಕರೆ ಅದು ವಯಸ್ಸಾದ ದೊಡ್ಡ ಮೀನು. ಅದರ ಮರಿಗಳು ಕಾಣುತ್ತಿರಲಿಲ್ಲ. ಮಕ್ಕಳಿಲ್ಲದ ಮನೆಯಲ್ಲಿ ಅಜ್ಜ ಮಾತ್ರ ಉಳಿದಂತೆ. ಅಣೆಕಟ್ಟು, ಮರಳುಗಾರಿಕೆ, ಸಿಡಿಮದ್ದುಗಳ ಪಾಲೂ ಈ ನಷ್ಟದಲ್ಲಿ ಇಲ್ಲದಿಲ್ಲ. ಆದರೆ ಅದೇ ನದಿಯಲ್ಲಿ ಒಂದು ಮೀನು ಬೆಳೆದು ಇನ್ನೊಂದು ಅಳಿಯುತ್ತಿತ್ತು ಎಂಬುದನ್ನು ತೋರಿಸಿದ್ದು ಗಾಳದವರ ಪುಸ್ತಕ.

ಗೂನುಬೆನ್ನಿನ ಮೀನಿಗೆ ಹೆಸರು ಸಿಕ್ಕಿದ್ದು 2018ರಲ್ಲಿ. ಕೇರಳದ ಪಾಂಬಾರ್ ನದಿಯಿಂದ ಹಿಂದೆಯೇ ವರ್ಣಿಸಲಾಗಿದ್ದ 'ಟಾರ್ ರೆಮಾದೇವಿ' ಇದೇ ಎಂದು ಖಚಿತವಾಯಿತು. ಪಾಂಬಾರ್ ಕೂಡ ಕಾವೇರಿಗೆ ಸೇರುವ ನೀರೇ. ತಮಿಳುನಾಡಿನ ಮೋಯಾರ್ ನದಿಯಲ್ಲಿಯೂ ಈ ಮೀನು ಉಳಿದಿರುವುದು ಕಂಡುಬಂತು. ಅದೇ ವರ್ಷ ಅಂತಾರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ ಇದನ್ನು ತೀವ್ರ ಅಳಿವಿನಂಚಿನ ಪಟ್ಟಿಗೆ ಸೇರಿಸಿತು. ಖುದ್ರಿಯನ್ನು ಅಪಾಯದ ಪಟ್ಟಿಯಿಂದ ಕೆಳಗಿಳಿಸಿದ್ದೂ 2018ರಲ್ಲೇ. ಲೋಣಾವಳದ ಕೆಲಸ ಖುದ್ರಿಯ ಮಟ್ಟಿಗೆ ಗೆದ್ದಿತು, ಕಾವೇರಿಯಲ್ಲಿ ಅದರ ಬೆಲೆಯನ್ನು ಬೇರೊಂದು ಮೀನು ತೆತ್ತಿತು.

ಇಂಥ ಕಥೆ ಜಪಾನಿನಲ್ಲಿಯೂ ಇದೆ. ಗಾಳದ ಆಟಕ್ಕೆಂದು 1925ರಲ್ಲಿ ಅಮೆರಿಕದ ಬಾಸ್ ಮೀನನ್ನು ಅಲ್ಲಿಯ ಆಶಿ ಸರೋವರಕ್ಕೆ ತಂದು ಬಿಟ್ಟರು. ಅದು ದೇಶವಿಡೀ ಹರಡಿ ಸ್ಥಳೀಯ ಮೀನುಗಳನ್ನು ತಿನ್ನುತ್ತಾ ಹೋದದ್ದರಿಂದ 2005ರಲ್ಲಿ ಕಾನೂನಿನ ಮೂಲಕ ಅದನ್ನು ತರುವುದು, ಸಾಕುವುದು, ಬಿಡುವುದನ್ನು ನಿರ್ಬಂಧಿಸಬೇಕಾಯಿತು. ಊರು ಬಿಟ್ಟು ಬಂದು ನೆಲೆಸಿದವರಿಗೆ ಈ ಹೋಲಿಕೆ ಇರಿಸುಮುರಿಸು ಅನಿಸಬಹುದು. ಆದರೆ ಮನುಷ್ಯ ಬಂದ ಊರಿನ ಭಾಷೆ ಕಲಿತು, ನೆರೆಯವನೊಡನೆ ಹಂಚಿಕೊಂಡು ಬಾಳಬಲ್ಲ. ಮೀನಿಗೆ ಆ ಆಯ್ಕೆ ಇಲ್ಲ. ಅದು ತಾನಾಗಿ ಬಂದದ್ದೂ ಅಲ್ಲ. ತಂದು ಬಿಟ್ಟವರ ಹೊಣೆ ಅದು.

ಖಾಲಿ ಕೈಯ ದಿನವನ್ನೂ ಬರೆಯಿರಿ

ಗಾಲಿಬೋರೆಯ ಭಾಗ ಕಾವೇರಿ ವನ್ಯಜೀವಿ ಧಾಮದೊಳಗೆ ಬರುವುದರಿಂದ, ವನ್ಯಜೀವಿ ಕಾನೂನಿನಂತೆ ಅಲ್ಲಿಯ ಗಾಳಗಾರಿಕೆ 2012ರ ವೇಳೆಗೆ ನಿಂತಿತು. ಅದರೊಂದಿಗೆ ಆ ಪುಸ್ತಕದ ಬರವಣಿಗೆಯೂ ನಿಂತಿತು. ಕಾನೂನು ಸರಿಯೋ ಗಾಳದವರು ಸರಿಯೋ ಎಂಬ ವಾದ ಮುಗಿಯುವಂಥದ್ದಲ್ಲ. ಆದರೆ ಆ ಹದಿನೈದು ವರ್ಷಗಳ ಲೆಕ್ಕ ಇಲ್ಲದೆ ಹೋಗಿದ್ದರೆ, 'ಕಾವೇರಿಯಲ್ಲಿ ಮಹಶೀರ್ ಹೆಚ್ಚಾಗಿದೆ' ಎಂಬ ಮಾತೇ ನಿಜವೆಂದು ಉಳಿದುಬಿಡುತ್ತಿತ್ತು.

ಪುಣೆಯ ಸುತ್ತಮುತ್ತ ರಜಾದಿನಗಳಲ್ಲಿ ಗಾಳ ಹಿಡಿದು ಹೊರಡುವವರು ಇದರಿಂದ ಕಲಿಯುವುದಿದೆ. ಜಲಾಶಯದ ಮೀನಿನ ಹಕ್ಕು ಯಾರದ್ದೆಂದು ವಿಚಾರಿಸಿ, ಅನುಮತಿ ಪಡೆದೇ ಹೋಗಬೇಕು. ಮಳೆಗಾಲದಲ್ಲಿ ಮೀನು ತತ್ತಿ ಇಡಲು ಹೊರಡುವಾಗ ಗಾಳವನ್ನು ಅಟ್ಟದ ಮೇಲಿಡಬೇಕು. ಮನೆಯ ಗಾಜಿನ ತೊಟ್ಟಿಯ ಮೀನನ್ನು, ಒಂದು ನೀರಿನ ಮರಿಯನ್ನು ಇನ್ನೊಂದು ನೀರಿಗೆ ಪುಣ್ಯವೆಂದೂ ಬಿಡಬಾರದು. ಎಲ್ಲಕ್ಕಿಂತ ಮುಖ್ಯವಾಗಿ ಒಂದು ನೋಟ್‌ಬುಕ್ ಇಡಬೇಕು. ತಾರೀಕು, ಜಾಗ, ಕುಳಿತ ಗಂಟೆ, ಮೀನಿನ ಬಗೆ, ರೆಕ್ಕೆಯ ಬಣ್ಣ, ತೂಕ ಬರೆಯಬೇಕು. ಏನೂ ಸಿಗದ ದಿನ ಸೊನ್ನೆ ಎಂದು ಬರೆಯುವುದೂ ಅಷ್ಟೇ ಅಗತ್ಯ. ಸೊನ್ನೆಗಳನ್ನು ಬಿಟ್ಟು ಮಾಡಿದ ಸರಾಸರಿ ಸುಳ್ಳು ಹೇಳುತ್ತದೆ.

ಗಾಳ ಹಿಡಿಯದವರಿಗೂ ಇದರಲ್ಲಿ ಪಾಲಿದೆ. ಪುಣೆ ಕನ್ನಡ ಸಂಘದ ಶಿಕ್ಷಣ ಸಂಸ್ಥೆಗಳಿಗೆ ಇರುವುದು ಕಾವೇರಿಯ ಹೆಸರು. ಎರಂಡವಣೆಯ ಗಣೇಶನಗರದಿಂದ ಖುದ್ರಿಯ ತವರಾದ ಮುಠೆ ದೂರವಲ್ಲ. ಎರಡು ನದಿಗಳ ಈ ಕಥೆಯನ್ನು ಮಕ್ಕಳಿಗೆ ಹೇಳಲು ಇದಕ್ಕಿಂತ ಒಳ್ಳೆಯ ಜಾಗ ಸಿಗದು. ಸಂಘದ ಕೂಟಗಳಿಗೆ ಬರುವ ಹಿರಿಯರಲ್ಲಿ ಭೀಮೆ, ಕೃಷ್ಣೆ, ತುಂಗೆ, ನೇತ್ರಾವತಿಯ ದಂಡೆಯಲ್ಲಿ ಬಾಲ್ಯ ಕಳೆದವರು ಅನೇಕರಿದ್ದಾರೆ. ಶೃಂಗೇರಿ, ಶಿಶಿಲಗಳ ದೇವರ ಮೀನಿಗೆ ಮಂಡಕ್ಕಿ ಹಾಕಿದವರಿದ್ದಾರೆ. ಊರ ಹೊಳೆಯಲ್ಲಿ ಯಾವ ಮೀನಿತ್ತು, ಅದನ್ನು ಏನೆಂದು ಕರೆಯುತ್ತಿದ್ದರು, ಯಾವ ವರ್ಷದಿಂದ ಕಾಣದಾಯಿತು ಎಂದು ಕೇಳಿ ಬರೆದಿಟ್ಟರೆ ಅದೂ ಒಂದು ಲೆಕ್ಕದ ಪುಸ್ತಕವೇ. ಕಾವೇರಿಯ ದೊಡ್ಡ ಮೀನಿಗೆ ಹೆಸರು ಬರುವ ಹೊತ್ತಿಗೆ ಮೀನೇ ಉಳಿಯದ ಸ್ಥಿತಿ ಬಂದಿತ್ತು. ಹೆಸರು ಬಲ್ಲ ಹಿರಿಯರು ಇರುವಾಗಲೇ ಈ ಕೆಲಸ ಆಗಬೇಕು.