ಎಳೆಯುವುದು ಎಂಜಿನ್ನು, ನಿಲ್ಲಿಸುವುದು ಯಾರು?

ಬೇಸಿಗೆ ರಜೆ ಹತ್ತಿರವಾದಂತೆ ನಮ್ಮ ಬಳಗದ ಮಾತು ಕಥೆ-ಕಾದಂಬರಿಗಳಿಂದ ಜಾರಿ ಕ್ಯಾಂಪಿಂಗಿನ ಕಡೆ ಹೊರಳುವುದು ಹೊಸದೇನಲ್ಲ. ಈ ಸಲ ಇಬ್ಬರು ಮೂವರು ಟ್ರ್ಯಾವೆಲ್ ಟ್ರೇಲರ್ ಬಾಡಿಗೆಗೆ ತೆಗೆದುಕೊಳ್ಳುವ ಯೋಚನೆಯಲ್ಲಿದ್ದಾರೆ. "ನಮ್ಮ ಕಾರು ಅದನ್ನು ಎಳೆಯುತ್ತದೆಯೇ?" ಎಂಬುದು ಎಲ್ಲರ ಮೊದಲ ಪ್ರಶ್ನೆ. ಎರಡನೆಯದನ್ನು ಕೊಂಚ ಅನುಮಾನದಿಂದಲೇ ಕೇಳುತ್ತಾರೆ: "ಬ್ರೇಕ್ ಕಂಟ್ರೋಲರ್ ಅಂತ ಒಂದು ಹಾಕಿಸಬೇಕಂತೆ. ನಿಜವಾಗಿಯೂ ಬೇಕೋ, ಇಲ್ಲಾ ಅಂಗಡಿಯವರ ವ್ಯಾಪಾರದ ಮಾತೋ?" ನಮ್ಮನ್ನು ಕೇಳಿದರೆ ಈ ಎರಡನೆಯ ಪ್ರಶ್ನೆಯೇ ದೊಡ್ಡದು. ಈಗಿನ ಎಂಜಿನ್ನುಗಳು ಏನನ್ನು ಬೇಕಾದರೂ ಎಳೆದಾವು. ನಿಲ್ಲಿಸುವ ಮಾತೇ ಬೇರೆ.

ಉತ್ತರವನ್ನು ಮೊದಲೇ ಹೇಳಿಬಿಡುತ್ತೇವೆ. ಅಮೆರಿಕದ ಟ್ರ್ಯಾವೆಲ್ ಟ್ರೇಲರುಗಳಲ್ಲಿ ಹೆಚ್ಚಿನವಕ್ಕೆ ಇರುವುದು ವಿದ್ಯುತ್ ಬ್ರೇಕು. ಅಂಥ ಟ್ರೇಲರಿಗೆ ಕಂಟ್ರೋಲರ್ ಬೇಕೇ ಬೇಕು. ಅದಿಲ್ಲದಿದ್ದರೆ ಟ್ರೇಲರಿಗೆ ಬ್ರೇಕು ಇದ್ದೂ ಇಲ್ಲದಂತೆ.

ಚಕ್ರದ ಡ್ರಮ್ಮಿನೊಳಗೆ ಒಂದು ವಿದ್ಯುತ್ಕಾಂತ ಇರುತ್ತದೆ. ಕರೆಂಟು ಹರಿದಾಗ ಅದು ತಿರುಗುತ್ತಿರುವ ಡ್ರಮ್ಮಿನ ಒಳಮೈಗೆ ಅಂಟಿಕೊಂಡು, ಅದರ ಜೊತೆ ತುಸು ಜರುಗಿ, ಒಂದು ಸನ್ನೆಗೋಲನ್ನು ತಳ್ಳುತ್ತದೆ. ಸನ್ನೆಗೋಲು ಬ್ರೇಕ್ ಷೂಗಳನ್ನು ಅಗಲಿಸಿ ಡ್ರಮ್ಮಿಗೆ ಒತ್ತುತ್ತದೆ. ಕರೆಂಟು ಹೆಚ್ಚಿದಷ್ಟೂ ಹಿಡಿತ ಹೆಚ್ಚು. ಯಾವಾಗ, ಎಷ್ಟು ಕರೆಂಟು ಕಳಿಸಬೇಕು ಎಂದು ತೀರ್ಮಾನಿಸುವುದು ಡ್ರೈವರ್ ಪಕ್ಕದಲ್ಲಿ ಕೂರುವ ಆ ಪುಟ್ಟ ಪೆಟ್ಟಿಗೆ, ಅಂದರೆ ಕಂಟ್ರೋಲರ್.

ಮೋಸ ಹೋಗುವ ಜಾಗ ಇಲ್ಲೇ ಇದೆ. ಕಾರಿನ ಹಿಂದಿನ 7 ಪಿನ್ನಿನ ಸಾಕೆಟ್ಟಿಗೆ ಟ್ರೇಲರಿನ ವೈರು ಸಿಕ್ಕಿಸುತ್ತೀರಿ. ಇಂಡಿಕೇಟರ್ ಮಿನುಗುತ್ತದೆ. ಬ್ರೇಕ್ ಒತ್ತಿದರೆ ಟ್ರೇಲರಿನ ಕೆಂಪು ದೀಪವೂ ಉರಿಯುತ್ತದೆ. ಎಲ್ಲ ಸರಿಯಾಗಿದೆ ಅನ್ನಿಸುತ್ತದೆ. ಆದರೆ ದೀಪದ ತಂತಿ ಬೇರೆ, ಬ್ರೇಕಿನ ತಂತಿ ಬೇರೆ. ಕಾರಿನಲ್ಲಿ ಕಂಟ್ರೋಲರ್ ಇಲ್ಲದಿದ್ದರೆ ಬ್ರೇಕಿನ ತಂತಿಯಲ್ಲಿ ಏನೂ ಹರಿಯುವುದಿಲ್ಲ. ಹಿಂದಿನ ಕಾರಿನವನಿಗೆ ನೀವು ನಿಲ್ಲಿಸುತ್ತಿದ್ದೀರೆಂದು ದೀಪ ಹೇಳುತ್ತದೆ, ಟ್ರೇಲರಿನ ಚಕ್ರಗಳಿಗೆ ಮಾತ್ರ ಆ ಸುದ್ದಿ ತಲುಪಿರುವುದಿಲ್ಲ. ಕಾರ್ಖಾನೆಯಿಂದಲೇ "ಟೋ ಪ್ಯಾಕೇಜ್" ಜೊತೆ ಬಂದ ಗಾಡಿಗಳಲ್ಲೂ ಎಷ್ಟೋ ಸಲ ವೈರಿಂಗ್ ಮಾತ್ರ ಇರುತ್ತದೆ, ಕಂಟ್ರೋಲರ್ ಇರುವುದಿಲ್ಲ. ಇನ್ನು 4 ಪಿನ್ನಿನ ಚಪ್ಪಟೆ ಸಾಕೆಟ್ಟಿನಲ್ಲಂತೂ ಬ್ರೇಕಿನ ತಂತಿಗೆ ಜಾಗವೇ ಇಲ್ಲ.

ಸಾಫ್ಟ್‌ವೇರ್ ಬರೆದು ಹೊಟ್ಟೆ ಹೊರೆಯುವ ನಮಗೆ ಈ ವಿನ್ಯಾಸದಲ್ಲಿ ಒಂದು ವಿಷಯ ಕಣ್ಣಿಗೆ ಹೊಡೆಯುತ್ತದೆ. ದೊಡ್ಡ ಟ್ರಕ್ಕುಗಳ ಏರ್ ಬ್ರೇಕಿನಲ್ಲಿ ಗಾಳಿಯ ಒತ್ತಡ ಪೂರ್ತಿ ಹೋದರೆ ಸ್ಪ್ರಿಂಗುಗಳು ತಾವಾಗಿಯೇ ಬ್ರೇಕು ಹಿಡಿಯುತ್ತವೆ, ಕೆಟ್ಟರೆ ನಿಲ್ಲುತ್ತದೆ. ವಿದ್ಯುತ್ ಬ್ರೇಕು ಇದಕ್ಕೆ ತದ್ವಿರುದ್ಧ. ತಂತಿ ಸಡಿಲವಾದರೆ ಬ್ರೇಕು ಸದ್ದಿಲ್ಲದೆ ಇಲ್ಲವಾಗುತ್ತದೆ. ಆದ್ದರಿಂದಲೇ ಒಳ್ಳೆಯ ಕಂಟ್ರೋಲರಿನ ಪರದೆಯ ಮೇಲೆ ಟ್ರೇಲರ್ ಸಂಪರ್ಕದಲ್ಲಿದೆಯೋ ಇಲ್ಲವೋ ಎಂಬ ಸೂಚನೆ ಇರುತ್ತದೆ. ನಮಗಂತೂ ಆ ಸಣ್ಣ ಸೂಚನೆಯೇ ಅದರ ಅರ್ಧ ಬೆಲೆ.

ಈಗ ಸ್ವಲ್ಪ ಲೆಕ್ಕ. 2000 ಕೆ.ಜಿ. ತೂಕದ ಕಾರು, ಅಷ್ಟೇ ತೂಕದ ಟ್ರೇಲರು. ಕ್ಯಾಲಿಫೋರ್ನಿಯಾದಲ್ಲಿ ಟ್ರೇಲರ್ ಎಳೆಯುವವರಿಗೆ ಗರಿಷ್ಠ ವೇಗ ಗಂಟೆಗೆ 55 ಮೈಲಿ. ಆ ವೇಗದಲ್ಲಿ, ಒಣ ರಸ್ತೆಯಲ್ಲಿ, ಕಾರೊಂದೇ ಆದರೆ ಗಟ್ಟಿಯಾಗಿ ಬ್ರೇಕ್ ಒತ್ತಿದ ಮೇಲೆ ಸುಮಾರು 45 ಮೀಟರಿನಲ್ಲಿ ನಿಂತಿತು ಎನ್ನಿ. ಅದೇ ನಾಲ್ಕು ಚಕ್ರಗಳು ಎರಡು ಪಟ್ಟು ತೂಕವನ್ನು ನಿಲ್ಲಿಸಬೇಕಾದರೆ ದೂರವೂ ಹೆಚ್ಚುಕಡಿಮೆ ಎರಡು ಪಟ್ಟು, 90 ಮೀಟರಿನ ಹತ್ತಿರ. ನಡುವಿನ 45 ಮೀಟರಿನಲ್ಲಿ ಹತ್ತು ಕಾರುಗಳು ಸಾಲಾಗಿ ನಿಲ್ಲಬಹುದು. ಚಲನೆಯ ಶಕ್ತಿ ವೇಗದ ವರ್ಗದಂತೆ ಏರುವುದರಿಂದ 55ರ ಬದಲು 65ರಲ್ಲಿ ಹೋದರೆ ಬ್ರೇಕು ಅರಗಿಸಬೇಕಾದ ಶಕ್ತಿ 40 ಶೇಕಡಾ ಹೆಚ್ಚು. ಇದು ನೇರ ರಸ್ತೆಯ ಮಾತು. ತಿರುವಿನಲ್ಲಿ ಕಾರು ನಿಧಾನಿಸಿ, ಹಿಂದಿನದು ನಿಧಾನಿಸದಿದ್ದರೆ ಅದು ಕಾರಿನ ಬೆನ್ನನ್ನು ಪಕ್ಕಕ್ಕೆ ತಳ್ಳುತ್ತದೆ, ಎರಡೂ ಕತ್ತರಿಯಂತೆ ಮಡಿಸಿಕೊಳ್ಳುತ್ತವೆ. ಇಳಿಜಾರಿನಲ್ಲಿ ಹೇರು ತುಂಬಿದ ಗಾಡಿ ಎತ್ತಿನ ಮೇಲೇ ಬರುವುದನ್ನು ಊರಿನಲ್ಲಿ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇಳಿಜಾರಿನ ಲೆಕ್ಕ ಇನ್ನೂ ಭಯಂಕರ. ಲಾಸ್ ಏಂಜಲೀಸ್ ಕಡೆಯಿಂದ ಇಂಟರ್‌ಸ್ಟೇಟ್ 5ರಲ್ಲಿ ಉತ್ತರಕ್ಕೆ ಬರುವವರು ಸುಮಾರು 4100 ಅಡಿ ಎತ್ತರದ ಟೆಹೋನ್ ಪಾಸ್ ದಾಟಿ ಗ್ರೇಪ್‌ವೈನ್ ಇಳಿಜಾರಿನಲ್ಲಿ ಬಯಲಿಗೆ ಇಳಿಯುತ್ತಾರೆ. ಒಟ್ಟು ಇಳಿತ ಸುಮಾರು 800 ಮೀಟರು. ನಮ್ಮ 4000 ಕೆ.ಜಿ. ಜೋಡಿ ಅಷ್ಟು ಇಳಿದಾಗ ಬಿಡುಗಡೆಯಾಗುವ ಶಕ್ತಿ, ಅದೇ ಜೋಡಿಯನ್ನು 55 ಮೈಲಿ ವೇಗದಿಂದ ಇಪ್ಪತ್ತೈದು ಸಲ ಪೂರ್ತಿ ನಿಲ್ಲಿಸಿದಷ್ಟು. ಒಂದಷ್ಟು ಗಾಳಿಗೆ ಹೋಗುತ್ತದೆ, ಕೆಳ ಗೇರಿನಲ್ಲಿ ಇಳಿದರೆ ಇನ್ನೊಂದಷ್ಟನ್ನು ಎಂಜಿನ್ನು ಹೊರುತ್ತದೆ. ಉಳಿದದ್ದೆಲ್ಲ ಬ್ರೇಕಿನಲ್ಲಿ ಶಾಖ. ಆ ಶಾಖವನ್ನು ಕಾರಿನ ನಾಲ್ಕು ಚಕ್ರಗಳೇ ನುಂಗಬೇಕೋ, ಟ್ರೇಲರಿನವೂ ಹಂಚಿಕೊಳ್ಳಬೇಕೋ? ಕಾದು ಸೋತ ಬ್ರೇಕಿನ ಪೆಡಲ್ಲನ್ನು ಎಷ್ಟು ತುಳಿದರೂ ಗಾಡಿ ನಿಧಾನಿಸುವುದಿಲ್ಲ.

ಕಂಟ್ರೋಲರುಗಳಲ್ಲಿ ಎರಡು ಜಾತಿ. ಅಗ್ಗದ್ದು, ನೀವು ಪೆಡಲ್ ಮುಟ್ಟಿದ ಕೂಡಲೇ ಮೊದಲೇ ಹೊಂದಿಸಿಟ್ಟ ಮಟ್ಟಕ್ಕೆ ಕ್ರಮೇಣ ಕರೆಂಟು ಏರಿಸುತ್ತದೆ. ನೀವು ಮೆಲ್ಲಗೆ ಒತ್ತಿದಿರೋ ಗಾಬರಿಯಿಂದ ಒತ್ತಿದಿರೋ ಅದಕ್ಕೆ ತಿಳಿಯದು. ಇನ್ನೊಂದು, ಕಾರು ಎಷ್ಟು ಜೋರಾಗಿ ನಿಧಾನಿಸುತ್ತಿದೆ ಎಂದು ಅಳೆದು ಅಷ್ಟಕ್ಕೆ ತಕ್ಕಂತೆ ಟ್ರೇಲರನ್ನು ಹಿಡಿಯುತ್ತದೆ. ಬೆಟ್ಟದ ದಾರಿ ಇದ್ದರೆ ಎರಡನೆಯದನ್ನೇ ಕೊಳ್ಳಿ. ವೈರಿಂಗ್ ಗೋಜು ಬೇಡದವರಿಗೆ ಸಾಕೆಟ್ಟಿಗೆ ನೇರವಾಗಿ ಸಿಕ್ಕಿಸಿ ಫೋನಿನಲ್ಲಿ ಹೊಂದಿಸುವಂಥವೂ ಈಗ ಸಿಗುತ್ತವೆ. ಆದರೆ ಡ್ಯಾಷ್‌ಬೋರ್ಡಿನಲ್ಲಿ ಕೂರುವ ಕಂಟ್ರೋಲರಿಗೆ ಕೈಯಿಂದ ಒತ್ತುವ ಒಂದು ಸನ್ನೆ ಇರುತ್ತದಲ್ಲ, ಅದರ ಬೆಲೆ ಟ್ರೇಲರು ಬಾಲದಂತೆ ಅತ್ತಿತ್ತ ಓಲಾಡಲು ಶುರುಮಾಡಿದ ದಿನ ತಿಳಿಯುತ್ತದೆ. ಆಗ ಕಾರಿನ ಬ್ರೇಕನ್ನು ಗಕ್ಕನೆ ಒತ್ತಬಾರದು. ಆಕ್ಸಿಲರೇಟರಿನಿಂದ ಕಾಲು ತೆಗೆದು, ಸ್ಟಿಯರಿಂಗ್ ನೆಟ್ಟಗೆ ಹಿಡಿದು, ಆ ಸನ್ನೆಯಿಂದ ಟ್ರೇಲರಿನ ಬ್ರೇಕನ್ನು ಮಾತ್ರ ಹಿಡಿದರೆ ಅದು ಹಿಂದಕ್ಕೆ ಜಗ್ಗಿ ನೇರವಾಗುತ್ತದೆ.

ಇಂಗ್ಲೆಂಡಿನ ಓದುಗರು "ನಮ್ಮ ಕ್ಯಾರವಾನಿಗೆ ಇದೊಂದೂ ಇಲ್ಲವಲ್ಲ!" ಎನ್ನಬಹುದು. ನಿಜ. ಅಲ್ಲಿ ಕ್ಯಾರವಾನು ಮುಂದಕ್ಕೆ ನುಗ್ಗಿ ಹಿಚ್ಚನ್ನು ಒತ್ತುವ ಬಲವೇ ಅದರ ಬ್ರೇಕನ್ನು ಹಿಡಿಸುತ್ತದೆ. ಅಮೆರಿಕದಲ್ಲೂ ದೋಣಿ ಸಾಗಿಸುವ ಅನೇಕ ಟ್ರೇಲರುಗಳು ಇದೇ ತತ್ತ್ವದವು. ಅವಕ್ಕೆ ಕಂಟ್ರೋಲರ್ ಬೇಡ. ಬೇಕಾದದ್ದು ಬ್ರೇಕು. ಕಂಟ್ರೋಲರ್ ಬೇಕೇ ಎನ್ನುವುದನ್ನು ಬ್ರೇಕಿನ ಜಾತಿ ನಿರ್ಧರಿಸುತ್ತದೆ.

ಕಾನೂನು ರಾಜ್ಯಕ್ಕೊಂದು. ಕ್ಯಾಲಿಫೋರ್ನಿಯಾದಲ್ಲಿ ಕ್ಯಾಂಪ್ ಟ್ರೇಲರಿನ ಒಟ್ಟು ತೂಕ 1500 ಪೌಂಡ್ ಮುಟ್ಟಿದರೆ ಬ್ರೇಕು ಕಡ್ಡಾಯ, ಅನೇಕ ರಾಜ್ಯಗಳಲ್ಲಿ 3000, ಟೆಕ್ಸಾಸಿನಲ್ಲಿ 4500. ಗಡಿ ದಾಟಿದರೆ ಕಾನೂನು ಬದಲಾಗುತ್ತದೆ, ಭೌತಶಾಸ್ತ್ರ ಬದಲಾಗುವುದಿಲ್ಲ. ಆದ್ದರಿಂದ ಕಾರಿನ ಕೈಪಿಡಿಯನ್ನೇ ನಂಬಿ. ಕೆಲವು ಕೈಪಿಡಿಗಳು 1000 ಪೌಂಡ್ ದಾಟಿದರೇ ಟ್ರೇಲರಿಗೆ ಬ್ರೇಕು ಬೇಕು ಎನ್ನುತ್ತವೆ.

ಬಾಡಿಗೆ ಟ್ರೇಲರ್ ಕೈಗೆ ಬಂದ ದಿನ ಹೆದ್ದಾರಿಗೆ ಇಳಿಯುವ ಮೊದಲು ಒಂದು ಖಾಲಿ ಪಾರ್ಕಿಂಗ್ ಲಾಟಿಗೆ ಹೋಗಿ. ಸಾಮಾನು, ನೀರು ಎಲ್ಲ ತುಂಬಿರಲಿ. ಗಂಟೆಗೆ 20-25 ಮೈಲಿ ವೇಗದಲ್ಲಿ ಕೈಸನ್ನೆಯನ್ನಷ್ಟೇ ಒತ್ತಿ. ಟ್ರೇಲರು ಹಿಂದಿನಿಂದ ಜಗ್ಗಿದ್ದು ಗೊತ್ತಾಗಬೇಕು. ಗೊತ್ತಾಗದಿದ್ದರೆ ಗೇನ್ ಏರಿಸಿ, ಚಕ್ರ ಲಾಕ್ ಆಗಿ ಉಜ್ಜಿದರೆ ಸ್ವಲ್ಪ ಇಳಿಸಿ. ಎಷ್ಟು ಏರಿಸಿದರೂ ಏನೂ ಆಗದಿದ್ದರೆ ಅಲ್ಲಿಂದ ಮುಂದೆ ಹೋಗಬೇಡಿ, ಬಾಡಿಗೆಯವರಿಗೆ ಫೋನ್ ಮಾಡಿ. ಕೊನೆಯದಾಗಿ, ಟ್ರೇಲರಿನ ಮೂತಿಯಲ್ಲಿ ಒಂದು ತೆಳು ಕೇಬಲ್ಲು ನೇತಾಡುತ್ತಿರುತ್ತದೆ. ಟ್ರೇಲರು ಕಳಚಿಕೊಂಡರೆ ಅದು ಪಿನ್ನನ್ನು ಕಿತ್ತು, ಟ್ರೇಲರಿನದೇ ಬ್ಯಾಟರಿಯಿಂದ ಪೂರ್ತಿ ಬ್ರೇಕು ಹಿಡಿಸುತ್ತದೆ. ಅದನ್ನು ಸುರಕ್ಷತಾ ಸರಪಳಿಗಾಗಲಿ ಹಿಚ್ಚಿನ ಗುಂಡಿಗಾಗಲಿ ಕಟ್ಟದೆ, ಕಾರಿನ ಚೌಕಟ್ಟಿಗೇ ಸಿಕ್ಕಿಸಿ. ಆ ಬ್ಯಾಟರಿಯಲ್ಲಿ ಚಾರ್ಜ್ ಇದೆಯೇ ಎಂದು ಹೊರಡುವ ಮುಂಚೆ ಒಮ್ಮೆ ನೋಡಿಕೊಳ್ಳಿ.