ತವರನ್ನು ಮರೆಯದ ಕ್ರಿಯೆ

1998ರ ಡಿಸೆಂಬರ್ 11ರಂದು ಅಮೆರಿಕದಿಂದ ಮಂಗಳಗ್ರಹದ ಕಡೆಗೆ ‘ಮಾರ್ಸ್ ಕ್ಲೈಮೇಟ್ ಆರ್ಬಿಟರ್’ ಎಂಬ ನೌಕೆಯೊಂದು ಹೊರಟಿತು. ಒಂಬತ್ತು ತಿಂಗಳಿಗೂ ಮಿಕ್ಕಿ ಪಯಣಿಸಿದ ಆ ನೌಕೆಯು 1999ರ ಸೆಪ್ಟೆಂಬರ್ 23ರಂದು ಗ್ರಹದ ಹಿಂಬದಿಗೆ ಸರಿದು ಮರೆಯಾಯಿತು. ಅದು ಮತ್ತೆ ಕಾಣಿಸಿಕೊಳ್ಳಲಿಲ್ಲ. ಗ್ರಹದ ಮೇಲ್ಮೈಯಿಂದ ಸುಮಾರು 226 ಕಿಲೋಮೀಟರ್ ಎತ್ತರದಲ್ಲಿ ಹಾಯಬೇಕಾಗಿದ್ದ ನೌಕೆಯು ಸುಮಾರು 57 ಕಿಲೋಮೀಟರ್ ಎತ್ತರಕ್ಕೆ ಇಳಿದುಬಿಟ್ಟಿತ್ತೆಂದು ಅನಂತರದ ಲೆಕ್ಕಾಚಾರದಿಂದ ತಿಳಿದುಬಂದಿತು. ಯಂತ್ರದ ಯಾವ ಭಾಗವೂ ಕೆಟ್ಟಿರಲಿಲ್ಲ. ಕೆಟ್ಟಿದ್ದುದು ಒಂದು ಕೊಡುಕೊಳ್ಳುವಿಕೆ. ಭೂಮಿಯ ಮೇಲಿನ ಒಂದು ಪ್ರೋಗ್ರಾಂ ನೌಕೆಗೆ ದೊರೆತ ನೂಕುಬಲವನ್ನು ಪೌಂಡುಗಳ ಲೆಕ್ಕದಲ್ಲಿ ಬರೆದು ಕೊಟ್ಟಿತು. ಅದನ್ನು ಪಡೆದ ಇನ್ನೊಂದು ಪ್ರೋಗ್ರಾಂ ಅವೇ ಅಂಕಿಗಳನ್ನು ನ್ಯೂಟನ್‌ಗಳೆಂದು ತಿಳಿಯಿತು. ಒಂದು ಪೌಂಡು ಬಲವೆಂದರೆ ಸುಮಾರು 4.45 ನ್ಯೂಟನ್. ಹೀಗೆ ಪ್ರತಿಸಲವೂ ನಾಲ್ಕೂವರೆ ಮಡಿಯಷ್ಟು ತಪ್ಪು ಸದ್ದಿಲ್ಲದೆ ಸೇರುತ್ತ ಹೋಯಿತು.

ಅಂಕಿಯು ಹುಟ್ಟಿದ ಮನೆಯಲ್ಲಿ ಅದರ ಅರ್ಥವೇನೆಂಬುದು ಎಲ್ಲರಿಗೂ ತಿಳಿದಿರುತ್ತದೆ. ಹೊಸಿಲು ದಾಟಿದ ಮೇಲೆ ಅದು ಬರಿಯ ಅಂಕಿ. ತಾನು ಎಲ್ಲಿಂದ ಬಂದೆನೆಂದು ಅದು ಹೇಳುವುದಿಲ್ಲ. ಗಣಕಯಂತ್ರಗಳಿಗೆ ಪ್ರೋಗ್ರಾಂ ಬರೆಯುವವರನ್ನು ಮೊದಲಿನಿಂದಲೂ ಕಾಡಿದ ತೊಡಕು ಇದು. ಹೆಸರುಗಳ ವಿಷಯದಲ್ಲಿ ಈ ತೊಡಕು ಇನ್ನೂ ಹೆಚ್ಚು. ಅದನ್ನು ನೀಗಲು ‘ಎ.ಪಿ.ಎಲ್.’ ಎಂಬ ಭಾಷೆಯ ಒಂದು ರೂಪದಲ್ಲಿ ಸೊಗಸಾದ ಏರ್ಪಾಡೊಂದಿದೆ. ಮಂಗಳದ ನೌಕೆಗೂ ಈ ಭಾಷೆಗೂ ಸಂಬಂಧವೇನಿಲ್ಲ; ತಪ್ಪಿನ ಜಾತಿ ಮಾತ್ರ ಒಂದೇ.

ಎ.ಪಿ.ಎಲ್. ಭಾಷೆಯನ್ನು ರೂಪಿಸಿದವರು ಕೆನಡ ದೇಶದ ಕೆನೆತ್ ಐವರ್ಸನ್. ಅವರು 1920ರಲ್ಲಿ ಆಲ್ಬರ್ಟ ಪ್ರಾಂತದ ಕ್ಯಾಮ್ರೋಸ್ ಎಂಬಲ್ಲಿ ಹುಟ್ಟಿದರು. ಆರ್ಥಿಕ ಮುಗ್ಗಟ್ಟಿನ ಕಾಲವಾದುದರಿಂದ ಒಂಬತ್ತನೆಯ ತರಗತಿ ಮುಗಿಯುತ್ತಲೇ ಶಾಲೆಯನ್ನು ಬಿಟ್ಟು ಮನೆಯ ಬೇಸಾಯಕ್ಕೆ ನಿಂತರು. ಹೊಲದ ಕೆಲಸದ ನಡುವೆ ಪುಸ್ತಕವೊಂದನ್ನು ಇಟ್ಟುಕೊಂಡು ಕಲನಶಾಸ್ತ್ರವನ್ನು ತಾವಾಗಿಯೇ ಕಲಿತರು. ಎರಡನೆಯ ಮಹಾಯುದ್ಧದಲ್ಲಿ ಸೈನ್ಯಕ್ಕೆ ಸೇರಿದಾಗ ಅಂಚೆಯ ಮೂಲಕ ಪಾಠಗಳನ್ನು ಮುಂದುವರಿಸಿದರು. ಯುದ್ಧ ಮುಗಿದ ಮೇಲೆ ವಿಶ್ವವಿದ್ಯಾನಿಲಯವನ್ನು ಸೇರಿ, 1954ರಲ್ಲಿ ಹಾರ್ವರ್ಡಿನಿಂದ ಡಾಕ್ಟರೇಟ್ ಪಡೆದರು. ಅಲ್ಲಿ ಪಾಠ ಹೇಳುವಾಗ ಗಣಿತದ ವಾಡಿಕೆಯ ಸಂಕೇತಗಳು ಅವರಿಗೆ ಸಾಲದಾದವು. ತಾವೇ ಹೊಸ ಸಂಕೇತಗಳನ್ನು ಕಟ್ಟಿ 1962ರಲ್ಲಿ ಒಂದು ಪುಸ್ತಕವನ್ನು ಪ್ರಕಟಿಸಿದರು. ಆ ಪುಸ್ತಕದ ಹೆಸರಿನ ಮೊದಲಕ್ಷರಗಳೇ ಭಾಷೆಯ ಹೆಸರಾದವು. ಕರಿಹಲಗೆಯ ಮೇಲೆ ಹುಟ್ಟಿದ ಈ ಬರಹವು 1966ರಲ್ಲಿ ಐ.ಬಿ.ಎಂ. ಸಂಸ್ಥೆಯ ಯಂತ್ರದಲ್ಲಿ ಜೀವತಾಳಿತು. ಅದರ ವಿಚಿತ್ರ ಚಿಹ್ನೆಗಳಿಗಾಗಿ ಬೆರಳಚ್ಚು ಯಂತ್ರಕ್ಕೆ ಬೇರೆಯೇ ಒಂದು ಅಚ್ಚಿನ ಗುಂಡನ್ನು ಮಾಡಿಸಬೇಕಾಯಿತು. 1979ರಲ್ಲಿ ಐವರ್ಸನ್ನರಿಗೆ ಗಣಕವಿಜ್ಞಾನದ ಅತ್ಯುನ್ನತ ಮನ್ನಣೆಯಾದ ಟ್ಯೂರಿಂಗ್ ಪ್ರಶಸ್ತಿ ದೊರೆಯಿತು.

ಈ ಭಾಷೆಯ ವಿಶೇಷವೆಂದರೆ ಅದು ಒಂಟಿ ಸಂಖ್ಯೆಗಳಿಗಿಂತ ಸಂಖ್ಯೆಗಳ ಸಾಲುಗಳನ್ನು ಇಡಿಯಾಗಿ ನೋಡುತ್ತದೆ. ಇಂಥ ಸಾಲನ್ನು ‘ಸರಣಿ’ ಎನ್ನುತ್ತಾರೆ. 40ನ್ನು 1 2 3 ಎಂಬ ಸರಣಿಯಿಂದ ಗುಣಿಸು ಎಂದರೆ ಸಾಕು, 40 80 120 ಎಂಬ ಉತ್ತರವು ಒಂದೇ ಏಟಿಗೆ ಬರುತ್ತದೆ. ಒಂದೊಂದಾಗಿ ಗುಣಿಸೆಂದು ಹೇಳಬೇಕಾದುದಿಲ್ಲ. ಹೀಗೆ ಸರಣಿಯನ್ನು ಪಡೆದು ಸರಣಿಯನ್ನು ಕೊಡುವ ಪ್ರತಿಯೊಂದು ಲೆಕ್ಕವೂ ಒಂದು ‘ಕ್ರಿಯೆ’. ಗುಣಾಕಾರ, ಸಂಕಲನಗಳು ಭಾಷೆಯೊಡನೆಯೇ ಬಂದ ಕ್ರಿಯೆಗಳು. ಬೇಕಾದ ಬೇರೆ ಕ್ರಿಯೆಗಳನ್ನು ಬರೆಯುವವನು ತಾನೇ ಕಟ್ಟಿ ಅವುಗಳಿಗೆ ಹೆಸರಿಡುತ್ತಾನೆ.

ಹೆಸರಿಡುವಲ್ಲಿಯೇ ಕಷ್ಟ ಮೊದಲಾಗುವುದು. ಆರಂಭದ ಎ.ಪಿ.ಎಲ್.ನಲ್ಲಿ ಎಲ್ಲ ಹೆಸರುಗಳೂ ಒಂದೇ ಅಂಗಳದಲ್ಲಿ ಇರುತ್ತಿದ್ದವು. ಪ್ರೋಗ್ರಾಂಗಳು ಚಿಕ್ಕವಾಗಿದ್ದಷ್ಟು ಕಾಲ ಇದರಿಂದ ತೊಂದರೆಯಾಗಲಿಲ್ಲ. ಅವು ಬೆಳೆದಂತೆ ಒಬ್ಬನು ಇಟ್ಟ ಹೆಸರನ್ನೇ ಇನ್ನೊಬ್ಬನೂ ಇಟ್ಟು, ಮೊದಲಿನದನ್ನು ಅರಿಯದೆ ಅಳಿಸಿಬಿಡುವುದು ಸಾಮಾನ್ಯವಾಯಿತು. ಒಂದೇ ತರಗತಿಯಲ್ಲಿ ಇಬ್ಬರು ಮಂಜುನಾಥರಿದ್ದರೆ ಉಪಾಧ್ಯಾಯರು ತಂದೆಯ ಹೆಸರನ್ನೋ ಊರಿನ ಹೆಸರನ್ನೋ ಸೇರಿಸಿ ಕರೆಯುವುದಿಲ್ಲವೇ? ಪ್ರೋಗ್ರಾಂ ಬರೆಯುವವರೂ ಹಾಗೆಯೇ ಪ್ರತಿ ಹೆಸರಿನ ಹಿಂದೆ ಒಂದೆರಡು ಅಕ್ಷರಗಳನ್ನು ಅಂಟಿಸಿ ಕಾಲ ಕಳೆದರು. ಅದು ಶಿಸ್ತಿನ ಮಾತಾಯಿತೇ ಹೊರತು ಪರಿಹಾರವಾಗಲಿಲ್ಲ.

1983ರಲ್ಲಿ ಇಂಗ್ಲೆಂಡಿನಲ್ಲಿ ‘ಡಯಲಾಗ್ ಎ.ಪಿ.ಎಲ್.’ ಎಂಬ ರೂಪವು ಹೊರಬಂದಿತು. ಡಯಾಡಿಕ್, ಜೈಲಾಗ್ ಎಂಬ ಎರಡು ಸಂಸ್ಥೆಗಳ ಹೆಸರನ್ನು ಕೂಡಿಸಿ ಮಾಡಿದ ಹೆಸರು ಅದು. ಸಂಭಾಷಣೆ ಎಂಬ ಅರ್ಥ ಕಿವಿಗೆ ಬಿದ್ದರೆ ಅದು ಲಾಭವೆಂದೇ ಎಣಿಸಬೇಕು. ಇದರಲ್ಲಿ 1990ರ ದಶಕದಲ್ಲಿ ‘ನೇಮ್‌ಸ್ಪೇಸ್’ ಎಂಬ ಸೌಕರ್ಯವನ್ನು ಸೇರಿಸಿದರು. ಕನ್ನಡದಲ್ಲಿ ಅದನ್ನು ಹೆಸರುಗಳ ‘ಆವರಣ’ ಎನ್ನಬಹುದು. ಒಂದು ಆವರಣದೊಳಗಿನ ಹೆಸರು ಇನ್ನೊಂದು ಆವರಣದ ಅದೇ ಹೆಸರಿಗೆ ತಾಗುವುದಿಲ್ಲ. ಹೊರಗಿನಿಂದ ಕರೆಯುವಾಗ ಆವರಣದ ಹೆಸರು, ಒಂದು ಚುಕ್ಕೆ, ಆಮೇಲೆ ಒಳಗಿನ ಹೆಸರು ಹೀಗೆ ಬರೆಯಬೇಕು.

ಒಂದು ಸಹಕಾರ ಸಂಘದ ಮಳಿಗೆಯನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಯಂತ್ರದಲ್ಲಿ ಹೆಸರುಗಳನ್ನು ರೋಮನ್ ಲಿಪಿಯಲ್ಲಿ ಬರೆಯಬೇಕು. ಇಲ್ಲಿ ಓದಲು ಅನುಕೂಲವಾಗಲೆಂದು ಕನ್ನಡದಲ್ಲಿ ಕೊಟ್ಟಿದೆ. ‘ಹಾಲು’ ಎಂಬ ಆವರಣದಲ್ಲಿ ‘ದರ’ ಎಂದರೆ ಲೀಟರಿಗೆ 40 ರೂಪಾಯಿ. ‘ಎಣ್ಣೆ’ ಎಂಬ ಆವರಣದಲ್ಲಿ ‘ದರ’ ಎಂದರೆ 150 ರೂಪಾಯಿ. ಎರಡರಲ್ಲಿಯೂ ‘ಬೆಲೆ’ ಎಂಬ ಕ್ರಿಯೆಯುಂಟು. ಅದು ತನಗೆ ಕೊಟ್ಟ ಪ್ರಮಾಣವನ್ನು ‘ದರ’ದಿಂದ ಗುಣಿಸುತ್ತದೆ. ಮೂರನೆಯದಾದ ‘ಲೆಕ್ಕ’ ಎಂಬ ಆವರಣದಲ್ಲಿಯೂ ಒಂದು ‘ದರ’ವಿದೆ, ಅಲ್ಲಿ ಅದು ನೂರಕ್ಕೆ 5ರಂತೆ ಹಾಕುವ ತೆರಿಗೆ. ‘ಹಾಲು.ಬೆಲೆ 1 2 3’ ಎಂದರೆ 40 80 120 ಎಂಬ ಉತ್ತರ ಬರುತ್ತದೆ. ಇಷ್ಟರವರೆಗೆ ಗೊಂದಲವಿಲ್ಲ.

ಈಗ ರಸೀದಿಯನ್ನು ಸಿದ್ಧಪಡಿಸುವ ಕೆಲಸ ‘ಲೆಕ್ಕ’ದ್ದು. ಯಾವ ಸರಕಿಗೆ ಹೇಗೆ ಬೆಲೆ ಕಟ್ಟಬೇಕೆಂಬುದು ಅದಕ್ಕೆ ತಿಳಿಯದು. ಆದುದರಿಂದ ಹಾಲಿನ ‘ಬೆಲೆ’ ಎಂಬ ಕ್ರಿಯೆಯನ್ನೇ ‘ಲೆಕ್ಕ’ಕ್ಕೆ ಒಯ್ದು ಕೊಡಬೇಕು. ಪ್ರಶ್ನೆ ಇರುವುದು ಇಲ್ಲಿಯೇ. ‘ಲೆಕ್ಕ’ದ ಮನೆಯೊಳಗೆ ನಿಂತು ಆ ಕ್ರಿಯೆಯು ‘ದರ’ ಎಂದು ಕೂಗಿದಾಗ ಓಗೊಡುವುದು ಯಾವ ದರ?

ಸೂತ್ರವನ್ನು ಬರಿಯ ಅಕ್ಷರಗಳಾಗಿ ಬರೆದು ಕಳುಹಿಸಿ, ಅದನ್ನು ನಡೆಸೆಂದು ‘ಲೆಕ್ಕ’ಕ್ಕೆ ಹೇಳುವುದು ಒಂದು ಬಗೆ. ಭಾಷೆಯಲ್ಲಿ ಅದಕ್ಕೆ ಅವಕಾಶವಿದೆ. ಆದರೆ ಅಕ್ಷರಗಳಿಗೆ ಅವು ನಡೆಯುವ ಸ್ಥಳದಲ್ಲಿ ಅರ್ಥ ಹುಟ್ಟುತ್ತದೆ. ‘ಲೆಕ್ಕ’ದಲ್ಲಿ ದರವೆಂದರೆ 5. ಆದುದರಿಂದ ಮೂರು ಲೀಟರ್ ಹಾಲಿಗೆ 120 ರೂಪಾಯಿಗಳ ಬದಲು 15 ರೂಪಾಯಿಯೆಂದು ರಸೀದಿ ಹೊರಡುತ್ತದೆ. ಅಲ್ಲಿ ‘ದರ’ ಎಂಬ ಹೆಸರೇ ಇರದಿದ್ದರೆ ಒಳ್ಳೆಯದಾಗುತ್ತಿತ್ತು; ಯಂತ್ರವು ದೋಷವಿದೆಯೆಂದು ಹೇಳಿ ನಿಲ್ಲುತ್ತಿತ್ತು. ಹೆಸರು ಇದೆ, ಸಂಖ್ಯೆಯೂ ಇದೆ, ಗುಣಾಕಾರವೂ ಸರಿಯಾಗಿದೆ. ಯಂತ್ರಕ್ಕೆ ಆಕ್ಷೇಪಿಸಲು ಕಾರಣವೇ ಇಲ್ಲ. ಮಂಗಳದ ನೌಕೆಯನ್ನು ನುಂಗಿದ್ದು ಇದೇ ಬಗೆಯ ಮೌನ.

ಎರಡನೆಯ ಬಗೆಯನ್ನು ತಿಳಿಯಲು ಎ.ಪಿ.ಎಲ್.ನ ಒಂದು ಕಟ್ಟಳೆಯನ್ನು ಅರಿತಿರಬೇಕು. ಕ್ರಿಯೆಗೆ ಸರಣಿಯನ್ನು ಕೊಡಬಹುದೇ ಹೊರತು ಇನ್ನೊಂದು ಕ್ರಿಯೆಯನ್ನು ಕೊಡುವಂತಿಲ್ಲ. ಕ್ರಿಯೆಗಳನ್ನು ಪಡೆಯಲು ‘ಆಪರೇಟರ್’ ಎಂಬ ಬೇರೆಯೇ ಜಾತಿಯಿದೆ. ಕ್ರಿಯೆಯು ಅಡಿಗೆಯವನಾದರೆ, ಆಪರೇಟರ್ ಅಡಿಗೆಯವನನ್ನು ಕರೆತಂದು ಸಮಾರಾಧನೆಯನ್ನು ನಡೆಸುವ ಪಾರುಪತ್ಯಗಾರನಿದ್ದಂತೆ. ‘ಲೆಕ್ಕ’ದಲ್ಲಿ ‘ರಸೀದಿ’ ಎಂಬ ಆಪರೇಟರನ್ನು ಬರೆದು, ಅದಕ್ಕೆ ‘ಹಾಲು.ಬೆಲೆ’ಯನ್ನು ಒಪ್ಪಿಸಬಹುದು. ಡಯಲಾಗ್ ಎ.ಪಿ.ಎಲ್.ನ ನಿಯಮದಂತೆ, ಹೀಗೆ ಒಪ್ಪಿಸಿದ ಕ್ರಿಯೆಯು ತನ್ನ ಆವರಣವನ್ನೂ ಜೊತೆಗೆ ಕೊಂಡೊಯ್ಯುತ್ತದೆ. ಆಪರೇಟರನ್ನು ಎಲ್ಲಿ ಬರೆದಿದೆ, ಎಲ್ಲಿಂದ ಕರೆದಿದೆ ಎಂಬುದು ಗಣನೆಗೆ ಬಾರದು; ಕ್ರಿಯೆಯು ನಡೆಯುವುದು ತಾನು ಹೊರಟುಬಂದ ಆವರಣದಲ್ಲಿಯೇ. ಮದುವೆಯಾಗಿ ಬಂದ ಹೆಣ್ಣು ಗಂಡನ ಮನೆಯ ಒಲೆಯ ಮೇಲೆಯೂ ತವರಿನ ಅಳತೆಯಲ್ಲಿಯೇ ಉಪ್ಪು ಹಾಕುವಂತೆ, ‘ಬೆಲೆ’ಯು ‘ಲೆಕ್ಕ’ದೊಳಗಿದ್ದೂ 40ರಿಂದಲೇ ಗುಣಿಸುತ್ತದೆ. ತೆರಿಗೆಯನ್ನು ಸೇರಿಸುವ ‘ರಸೀದಿ’ಯಾದರೋ ತನ್ನ ಮನೆಯ 5ನ್ನೇ ಬಳಸುತ್ತದೆ. ಒಂದೇ ಸಾಲಿನಲ್ಲಿ ಎರಡು ‘ದರ’ಗಳು ಒಂದಕ್ಕೊಂದು ತಾಗದೆ ಕೆಲಸ ಮಾಡುತ್ತವೆ.

ಇನ್ನೊಂದು ಬಗೆಯೂ ಉಂಟು. ಕ್ರಿಯೆಯನ್ನು ಕಳುಹಿಸುವ ಬದಲು ಇಡೀ ಆವರಣದ ವಿಳಾಸವನ್ನೇ ಕಳುಹಿಸಿಬಿಡುವುದು. ಈ ಭಾಷೆಯಲ್ಲಿ ವಿಳಾಸವೂ ಸರಣಿಯ ಒಂದು ಅಂಶವಾಗಬಲ್ಲುದು. ಆದುದರಿಂದ ಅದನ್ನು ಸಾಮಾನ್ಯ ಕ್ರಿಯೆಗೂ ಕೊಡಬಹುದು. ವಿಳಾಸಗಳ ಸಾಲನ್ನೇ ಕಟ್ಟಬಹುದು. ಹಾಲು, ಎಣ್ಣೆ ಎರಡನ್ನೂ ಆವರಣಚಿಹ್ನೆಯೊಳಗಿಟ್ಟು ‘(ಹಾಲು ಎಣ್ಣೆ).ದರ’ ಎಂದು ಬರೆದರೆ 40 150 ಎಂಬ ಉತ್ತರ ದೊರೆಯುತ್ತದೆ. ‘(ಹಾಲು ಎಣ್ಣೆ).ಬೆಲೆ 2 3’ ಎಂದರೆ ಎರಡು ಲೀಟರ್ ಹಾಲು, ಮೂರು ಲೀಟರ್ ಎಣ್ಣೆ ಎಂದಾಗಿ 80 450 ಬರುತ್ತದೆ. ಒಂದೊಂದು ಅಂಕಿಯು ಒಂದೊಂದು ಮನೆಗೆ ತಾನಾಗಿಯೇ ಹಂಚಿಹೋಗುತ್ತದೆ. ಎರಡು ಮನೆಗಳಿಗೆ ಮೂರು ಅಂಕಿಗಳನ್ನು ಕೊಟ್ಟರೆ ಉದ್ದ ಸರಿಹೊಂದದೆಂದು ಯಂತ್ರವು ತಡೆಯುತ್ತದೆ. ಸರಣಿಗಳನ್ನು ಕುರಿತು ಐವರ್ಸನ್ ಕಟ್ಟಿದ ವಿಚಾರವು, ಅವರ ಪುಸ್ತಕದಲ್ಲಿ ಇಲ್ಲದೇ ಇದ್ದ ಆವರಣಗಳಿಗೂ ಹೀಗೆ ಒಗ್ಗಿತು. 2006ರಲ್ಲಿ ಇದೇ ಭಾಷೆಗೆ ‘ಕ್ಲಾಸ್’ಗಳೂ ಅವುಗಳಿಂದ ಹುಟ್ಟುವ ವಸ್ತುಗಳೂ ಬಂದಾಗ, ವಸ್ತುವಿನ ವಿಧಾನಗಳನ್ನೂ ಇದೇ ಚುಕ್ಕೆಯ ಮೂಲಕವೇ ಕರೆಯುವಂತಾಯಿತು. ವಸ್ತುವು ಹೊರಗಿನವರಿಂದ ಮರೆಮಾಡಿದ ಅಂಕಿಗಳನ್ನು ಅದರ ವಿಧಾನವು ಮಾತ್ರ ಒಳಗೆ ಕುಳಿತು ಬಳಸುತ್ತದೆ.

ವಿಳಾಸವನ್ನು ಕೊಡುವುದಕ್ಕೂ ಅಂಕಿಯನ್ನು ಕೊಡುವುದಕ್ಕೂ ಒಂದು ದೊಡ್ಡ ವ್ಯತ್ಯಾಸವಿದೆ. ಮುಂಜಾನೆ ದರಗಳನ್ನು 40 150 ಎಂದು ನಕಲು ಮಾಡಿಕೊಂಡ ‘ಲೆಕ್ಕ’ಕ್ಕೆ, ಮಧ್ಯಾಹ್ನ ಹಾಲಿನ ದರ 42 ಆದುದು ತಿಳಿಯದು, ಅದರ ಪಟ್ಟಿಯಲ್ಲಿ ಸಂಜೆಯವರೆಗೂ 40 ಎಂದೇ ಇರುತ್ತದೆ. ವಿಳಾಸವನ್ನು ಪಡೆದಿದ್ದರೆ ಪ್ರತಿ ಸಲವೂ ಆ ಮನೆಯನ್ನೇ ಕೇಳುವುದರಿಂದ ಎರಡು ಲೀಟರಿಗೆ 84 ಎಂಬ ಹೊಸ ಉತ್ತರ ಬರುತ್ತದೆ. ಬೆಳಗಿನ ದರದಂತೆಯೇ ಹಣ ಕೊಡುವೆನೆಂದು ಮಾತಾಡಿಕೊಂಡ ಗಿರಾಕಿಗೆ ನಕಲೇ ನ್ಯಾಯ, ಉಳಿದವರಿಗೆ ವಿಳಾಸ. ಯಾವುದು ಬೇಕೆಂಬುದನ್ನು ಯಂತ್ರವು ಹೇಳಲಾರದು, ಬರೆಯುವವನೇ ನಿರ್ಧರಿಸಬೇಕು.

ಮಳಿಗೆಯವರು ಹಾಲಿನ ವ್ಯಾಪಾರವನ್ನು ನಿಲ್ಲಿಸಿ ‘ಹಾಲು’ ಎಂಬ ಹೆಸರನ್ನು ಅಳಿಸಿಬಿಟ್ಟರೆನ್ನೋಣ. ‘ಲೆಕ್ಕ’ದ ಕೈಯಲ್ಲಿ ಅದರ ವಿಳಾಸ ಉಳಿದಿದ್ದರೆ ಆವರಣವು ಅಳಿಯುವುದಿಲ್ಲ. ಹಳೆಯ ರಸೀದಿಗಳನ್ನು ಮತ್ತೆ ಲೆಕ್ಕಹಾಕಬೇಕಾದಾಗ ‘ಬೆಲೆ’ಯು ತನ್ನ ‘ದರ’ವನ್ನು ಅಲ್ಲಿಯೇ ಕಾಣುತ್ತದೆ. ವಿಳಾಸವನ್ನು ಹಿಡಿದ ಕಟ್ಟಕಡೆಯ ಕೈಯೂ ಅದನ್ನು ಬಿಟ್ಟಾಗ ಮಾತ್ರ ಯಂತ್ರವು ಆ ಮನೆಯನ್ನು ತೆರವು ಮಾಡಿ, ಜಾಗವನ್ನು ಬೇರೆ ಕೆಲಸಕ್ಕೆ ಒದಗಿಸುತ್ತದೆ.