ಕವಡೆಗೆ ಹಿಂದಿನ ಆಟದ ನೆನಪಿರುವುದಿಲ್ಲ

ಹೈದರಾಬಾದಿಗೆ ಬಂದು ಕೆಲಸಕ್ಕೆ ಸೇರಿದ ಎರಡನೇ ವರ್ಷ. ಮಕ್ಕಳ ವಾರ್ಡಿನಲ್ಲಿ ಥಲಸ್ಸೆಮಿಯಾ ಇದ್ದ ನಾಲ್ಕು ವರ್ಷದ ಹುಡುಗನೊಬ್ಬನಿಗೆ ರಕ್ತ ಏರಿಸುತ್ತಿದ್ದೆ. ಮೂರು ವಾರಕ್ಕೊಮ್ಮೆ ಬರುವ ಹುಡುಗ; ಸೂಜಿ ಕಂಡರೆ ಅಳುವುದನ್ನೂ ಬಿಟ್ಟಿದ್ದ. ಅವನ ತಾಯಿ ಬೀದರ್ ಕಡೆಯವಳು. ನಾನೂ ಆ ಕಡೆಯವಳೇ ಎಂದು ಗೊತ್ತಾದ ಮೇಲೆ ತೆಲುಗು ಬಿಟ್ಟು ಕನ್ನಡದಲ್ಲೇ ಮಾತಾಡುತ್ತಿದ್ದಳು. ಅವತ್ತು ಮೆಲ್ಲಗೆ ಕೇಳಿದಳು: "ಸಿಸ್ಟರ್, ನಾಕರಾಗ ಒಂದಕ್ಕ ಬರ್ತದ ಅಂತ ಡಾಕ್ಟರ್ ಹೇಳ್ಯಾರ. ಒಂದಕ್ಕ ಬಂದು ಹೋಯ್ತಲ್ಲ, ಮುಂದಿನ ಮಕ್ಕಳಿಗಿ ಏನೂ ಆಗಂಗಿಲ್ಲಲ್ರೀ?"

"ಆಗಂಗಿಲ್ಲ ತಗೋ, ಚಿಂತಿ ಬಿಡು" ಅಂದೆ. ಸಮಾಧಾನ ಹೇಳಬೇಕೆಂಬ ಆಸೆ ಒಂದು ಕಡೆ. ನಿಜಕ್ಕೂ ಹಾಗೇ ಇರಬೇಕು ಎಂಬ ನನ್ನ ತಿಳಿವಳಿಕೆ ಇನ್ನೊಂದು ಕಡೆ.

ಎರಡು ವರ್ಷದ ಮೇಲೆ ಅವಳು ಎಂಟು ತಿಂಗಳ ಹೆಣ್ಣುಮಗುವನ್ನು ಎತ್ತಿಕೊಂಡು ಬಂದಳು. ಅದಕ್ಕೂ ರಕ್ತ ಬೇಕಾಗಿತ್ತು. ನನ್ನನ್ನು ಅವಳು ಒಂದು ಮಾತೂ ಅನ್ನಲಿಲ್ಲ. ನಾನು ಹೇಳಿದ್ದು ಅವಳಿಗೆ ಮರೆತಿತ್ತೋ ಏನೋ. ನನಗೆ ಮರೆತಿಲ್ಲ.

ನಾಲ್ಕರಲ್ಲಿ ಒಂದು ಎನ್ನುವುದು ಪಾಲು ಹಂಚುವ ಲೆಕ್ಕವಲ್ಲ. ತಂದೆ ತಾಯಿ ಇಬ್ಬರಲ್ಲೂ ಒಂದೊಂದು ದೋಷದ ಜೀನ್ ಇದ್ದರೆ, ಪ್ರತಿ ಬಸಿರಿನಲ್ಲೂ ಮಗುವಿಗೆ ಆ ಎರಡೂ ಸೇರುವ ಸಾಧ್ಯತೆ ಶೇ. 25. ಮೊದಲನೆಯದಕ್ಕೂ ಅಷ್ಟೇ, ಐದನೆಯದಕ್ಕೂ ಅಷ್ಟೇ. ಚೌಕಾಬಾರದ ಕವಡೆಗೆ ಹಿಂದಿನ ಆಟದ ನೆನಪಿರುತ್ತದೆಯೇ? ಪ್ರತಿ ಸಲವೂ ಹೊಸದಾಗಿಯೇ ಬೀಳುತ್ತದೆ. ಇಷ್ಟನ್ನು ಅವತ್ತು ಹೇಳಿದ್ದರೆ ಆ ದಂಪತಿ ಮುಂದಿನ ಬಸಿರಿನ ಹನ್ನೊಂದನೇ ವಾರದ ಹೊತ್ತಿಗೆ ಪರೀಕ್ಷೆ ಮಾಡಿಸಿ ತಿಳಿದುಕೊಳ್ಳಬಹುದಿತ್ತು. ಆಮೇಲಿನ ತೀರ್ಮಾನ ಅವರದು. ಆದರೆ ತೀರ್ಮಾನಿಸುವ ಅವಕಾಶವನ್ನೇ ನನ್ನ ಸಮಾಧಾನದ ಮಾತು ಕಸಿದುಕೊಂಡಿತ್ತು.

ಬಿ.ಎಸ್ಸಿ. ನರ್ಸಿಂಗಿನಲ್ಲಿ ಜೆನೆಟಿಕ್ಸ್ ಇಲ್ಲವೆಂದಲ್ಲ. ಪೆಥಾಲಜಿಯ ಬೆನ್ನಿಗೆ ಅದನ್ನೂ ಓದಿದ್ದೆವು. ಮೆಂಡೆಲನ ಬಟಾಣಿಯ ಚೌಕ ಬರೆದು ಮಾರ್ಕ್ಸೂ ಪಡೆದಿದ್ದೆವು. ಆ ಚೌಕದೊಳಗೆ ಒಬ್ಬ ತಾಯಿ ನಿಂತು ಪ್ರಶ್ನೆ ಕೇಳುತ್ತಾಳೆ ಎಂದು ಮಾತ್ರ ಯಾರೂ ಹೇಳಿರಲಿಲ್ಲ. ಈಗ ವಾರ್ಡಿಗೆ ಹೊಸ ಸಿಸ್ಟರುಗಳು ಬಂದಾಗ ಆ ತಾಯಿಯ ಪ್ರಶ್ನೆಯನ್ನೇ ಅವರ ಮುಂದಿಡುತ್ತೇನೆ. ನನ್ನ ಹಾಗೇ ಉತ್ತರಿಸುವವರು ಇವತ್ತಿಗೂ ಸಿಗುತ್ತಾರೆ.

ಇನ್ನೊಂದು ಪಾಠ ಆಪರೇಷನ್ ಥಿಯೇಟರಿನದು. ಅರಿವಳಿಕೆ ಕೊಡುವಾಗ ಗಂಟಲಿಗೆ ನಳಿಕೆ ಇಳಿಸಲು ಸಕ್ಸಿನೈಲ್‌ಕೋಲಿನ್ ಎಂಬ ಮದ್ದನ್ನು ಬಳಸುವುದುಂಟು. ಅದು ಸ್ನಾಯುಗಳನ್ನು ಸಡಿಲಿಸುತ್ತದೆ. ರಕ್ತದಲ್ಲಿರುವ ಒಂದು ಕಿಣ್ವ ಅದನ್ನು ಕೆಲವೇ ನಿಮಿಷಗಳಲ್ಲಿ ಕರಗಿಸಿಬಿಡುತ್ತದೆ. ಹುಟ್ಟಿನಿಂದಲೇ ಆ ಕಿಣ್ವದ ಕೊರತೆ ಇದ್ದವರಿಗೆ ನಿಮಿಷಗಳು ಗಂಟೆಗಳಾಗುತ್ತವೆ; ಅಷ್ಟೂ ಹೊತ್ತು ವೆಂಟಿಲೇಟರೇ ಉಸಿರಾಡಿಸಬೇಕು. ಈ ಕೊರತೆ ವೈಶ್ಯ ಸಮುದಾಯದಲ್ಲಿ ಉಳಿದವರಿಗಿಂತ ಸುಮಾರು 100 ಪಟ್ಟು ಹೆಚ್ಚು. ನಮ್ಮ ಊರಿನದೇ, ಉಪ್ಪಲ್ ರಸ್ತೆಯ ಸಿಸಿಎಂಬಿಯ ಕೆ. ತಂಗರಾಜ್ ಮತ್ತು ಹಾರ್ವರ್ಡಿನ ಡೇವಿಡ್ ರೈಕ್ ಅವರ ತಂಡ 2017ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ಉದಾಹರಣೆಯಾಗಿ ಎತ್ತಿಕೊಂಡಿತು.

ಇದು ಒಂದು ಸಮುದಾಯದ ಕೊರತೆ ಎಂದು ಬೆರಳು ತೋರಿಸಬೇಡಿ. ಕೆಲವೇ ಪೂರ್ವಜರಿಂದ ಬೆಳೆದು, ತಲೆಮಾರುಗಳಿಂದ ಒಳಗೊಳಗೇ ಹೆಣ್ಣು ಕೊಟ್ಟು ತಂದುಕೊಂಡ ಯಾವ ಗುಂಪಿನಲ್ಲೂ ಹೀಗಾಗುತ್ತದೆ. ಅದೇ ಅಧ್ಯಯನ ಇಂಥ 81 ಗುಂಪುಗಳನ್ನು ಗುರುತಿಸಿದೆ. ಅದರ ಮೇಲೆ ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾಗುವುದು ಬೀದರಿನಲ್ಲೂ ಉಂಟು, ತೆಲಂಗಾಣದಲ್ಲೂ ಉಂಟು.

ಹಾಗಾಗಿ ಆಪರೇಷನ್ನಿನ ಹಿಂದಿನ ರಾತ್ರಿ ನಾನು ಕೇಳುವ ಪ್ರಶ್ನೆಗಳು ಬೇರೆಯಾಗಿವೆ. "ಮನೆಯಲ್ಲಿ ಯಾರಿಗಾದರೂ ಕಾಯಿಲೆ ಇದೆಯೇ?" ಎಂದರೆ ಎಲ್ಲರೂ "ಬಿಪಿ, ಶುಗರ್" ಅನ್ನುತ್ತಾರೆ. "ನಿಮ್ಮವರಲ್ಲಿ ಯಾರಾದರೂ ಆಪರೇಷನ್ ಆದಮೇಲೆ ತುಂಬಾ ಹೊತ್ತು ಎಚ್ಚರವಾಗದೆ, ಮಷೀನಿನ ಮೇಲೆ ಇದ್ದರೇ?" ಎಂದು ಕೇಳಬೇಕು. ಆಗ ಯಾರೋ ಚಿಕ್ಕಪ್ಪನ ಕಥೆ ಹೊರಬರುತ್ತದೆ. ಅದನ್ನು ಬರೆದಿಟ್ಟು ಅರಿವಳಿಕೆ ವೈದ್ಯರಿಗೆ ಮುಟ್ಟಿಸಿದರೆ ಅವರು ಬೇರೆ ಮದ್ದು ಆರಿಸುತ್ತಾರೆ. ಜೀನ್ ಓದುವ ಯಂತ್ರ ನಮ್ಮ ವಾರ್ಡಿನಲ್ಲಿಲ್ಲ. ಮನೆತನದ ಕಥೆ ಕೇಳುವ ಕಿವಿ ಇದೆ. ನರ್ಸಿಗೆ ಬೇಕಾದ ಜೆನೆಟಿಕ್ಸಿನ ಬಹುಪಾಲು ಅದೇ.

ಆದರೆ ನೋಡಿ, ಆ ಕಥೆ ನಿಮಗೆ ಗೊತ್ತಿರಬೇಕಲ್ಲ? ಊರು ಬಿಟ್ಟು ಬಂದ ನಮ್ಮಂಥವರ ತೊಂದರೆ ಇದು. ಹೆತ್ತವರು ಒಂದು ಕಡೆ, ಅಣ್ಣತಮ್ಮಂದಿರು ನಾಲ್ಕು ಕಡೆ. ಚಿಕ್ಕಂದಿನಲ್ಲೇ ತೀರಿಹೋದ ಅತ್ತೆಯ ಮಗು ಯಾಕೆ ತೀರಿತು ಎಂದು ಬಲ್ಲವರು ಊರಿನ ಅಜ್ಜಿ ಮಾತ್ರ. ಈ ಸಲ ಹಬ್ಬಕ್ಕೆ ಹೋದಾಗ ಒಂದು ಹಾಳೆಯಲ್ಲಿ ಮೂರು ತಲೆಮಾರು ಬರೆದುಕೊಳ್ಳಿ: ಯಾರು, ಎಷ್ಟು ವಯಸ್ಸಿಗೆ, ಯಾವ ಕಾಯಿಲೆಯಿಂದ ತೀರಿಕೊಂಡರು, ಯಾರಿಗೆ ಸಂಬಂಧದಲ್ಲೇ ಮದುವೆ. ಮದುವೆಗೆ ಮುಂಚೆ, ತಪ್ಪಿದರೆ ಬಸಿರಿನ ಶುರುವಿನಲ್ಲೇ, ಹೀಮೋಗ್ಲೋಬಿನ್ ಎಚ್‌ಪಿಎಲ್‌ಸಿ ಎಂಬ ರಕ್ತಪರೀಕ್ಷೆ ಮಾಡಿಸಿ. ಥಲಸ್ಸೆಮಿಯಾದ ವಾಹಕರು ಆರೋಗ್ಯವಾಗಿಯೇ ಇರುತ್ತಾರೆ. ರಕ್ತ ಕಡಿಮೆ ಎಂದು ವರ್ಷಗಟ್ಟಲೆ ಕಬ್ಬಿಣದ ಮಾತ್ರೆ ನುಂಗಿದವರೂ ಇದ್ದಾರೆ. ಹೈದರಾಬಾದಿನಲ್ಲಿ 1998ರಿಂದ ಇರುವ ಥಲಸ್ಸೆಮಿಯಾ ಅಂಡ್ ಸಿಕಲ್ ಸೆಲ್ ಸೊಸೈಟಿಯಂಥ ಕಡೆ ವಿಚಾರಿಸಿದರೆ ದಾರಿ ತಿಳಿಯುತ್ತದೆ.

ಆ ಹೆಣ್ಣುಮಗುವಿಗೆ ಮೊದಲ ಸಲ ರಕ್ತ ಏರಿಸಿದ ದಿನ ತಾಯಿ ಕೇಳಿದ್ದಳು: "ಅತ್ತಿ ಮನ್ಯಾಗ ನನ್ನ ರಕ್ತಾನೇ ಕೆಟ್ಟದ್ದು ಅಂತಾರ, ಖರೇ ಏನ್ರೀ?" ಈ ಸಲ ಗೊತ್ತಿಲ್ಲದೆ ಸಮಾಧಾನ ಹೇಳಲಿಲ್ಲ. ಗಂಡನನ್ನೂ ಅತ್ತೆಯನ್ನೂ ಒಳಗೆ ಕರೆದು, ಕೂರಿಸಿ, ಹಾಳೆಯ ಮೇಲೆ ಚೌಕ ಬರೆದು ತೋರಿಸಿದೆ: ಒಂದು ಅವಳಿಂದ, ಒಂದು ಅವನಿಂದ. ಅತ್ತೆ ಬಹಳ ಹೊತ್ತು ಆ ಹಾಳೆಯನ್ನೇ ನೋಡುತ್ತಿದ್ದರು. ಆಮೇಲೆ ಸೊಸೆಯ ಕೈಯಿಂದ ಮಗುವನ್ನು ಎತ್ತಿಕೊಂಡರು.